ಆಯಿಯ ಹಾಡು ಉಳಿಸಿಕೊಟ್ಟ ತಮ್ಮನಿಗೆ

ಮಳೆಗಾಲದ ಸಿಡಿಲಿಗೆ ನಮ್ಮನೆ ಕಂಪ್ಯೂಟರ್ ಸುಟ್ಟುಹೋಯಿತು. ಬ್ಯಾಕಪ್ ಇದೆಯಲ್ಲ ಎಂದು ಧೈರ್ಯದಲ್ಲಿದ್ದೆ. ಹಾರ್ಡ್ ಡಿಸ್ಕ್ ಹಾಕಿ ನೋಡಿದರೆ ಹಲವು ಫೈಲ್‌ಗಳನ್ನು ಒಂದೇ ಗಂಟು ಮಾಡಿಟ್ಟ ಜಿಪ್ ಫೈಲ್ ತೆರೆಯಲೇ ಇಲ್ಲ. ಅದರೊಳಗಿದ್ದದ್ದು ಆಯಿ ಹಾಡಿದ 43 ಮದುವೆ ಹಾಡು. ಆಯಿ ಈಗಿಲ್ಲ.

ಶಿರಸಿಯ ದೇವಿಕೆರೆ ಹತ್ತಿರದ ಸಣ್ಣ ಅಂಗಡಿಗೆ ಹೋದಾಗ ಬಾಗಿಲು ಹಾಕುವ ಹೊತ್ತು. ಅರ್ಧ ಎಳೆದಿದ್ದ ಶಟರನ್ನು ಆ ಹುಡುಗ ಮತ್ತೆ ಮೇಲೆತ್ತಿದ. ಮಳೆಹನಿ ತಾಗಿದ್ದ ಡಿಸ್ಕನ್ನು ಒರೆಸಿ ತನ್ನ ಟವೆಲ್ ಮೇಲಿಟ್ಟ. "ಅಕ್ಕಾ, ಇನ್ನು ಇದಕ್ಕೆ ಏನನ್ನೂ ಕಾಪಿ ಮಾಡಬೇಡಿ" ಎಂದವನು ಮೊದಲು ಇಡೀ ಡಿಸ್ಕಿನ ನಕಲು ತೆಗೆದು, ಆ ನಕಲಿನ ಮೇಲಷ್ಟೇ ಕೆಲಸ ಮಾಡಿದ. ಜಿಪ್ ಫೈಲಿನೊಳಗೆ ಏನೇನಿದೆ ಎಂಬ ಪಟ್ಟಿ ಇರುವುದು ಅದರ ಕೊನೆಯಲ್ಲಂತೆ. ಹೆಚ್ಚಾಗಿ ಹಾಳಾದದ್ದು ಆ ಪಟ್ಟಿ, ಹಾಡುಗಳಲ್ಲ.

ಮೂರನೇ ದಿನ ಫೋನ್ ಬಂತು. ಹೋದರೆ ಮಾತಾಡದೆ ಹೆಡ್‌ಫೋನ್ ಕೈಗಿಟ್ಟ. ಆಯಿ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹಾಡು ಎತ್ತಿಕೊಂಡಳು. ನಾನು ಅತ್ತೆ. ಅವನು ಎದ್ದು ಹೊರಗೆ ಹೋಗಿ ನಿಂತ.

41 ಸಿಕ್ಕವು. ಸಿಗದ ಎರಡರ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟಿದ್ದ. "ಊರಲ್ಲಿ ಯಾರಿಗಾದರೂ ಬರ್ತದಾ ಕೇಳಿ ಅಕ್ಕಾ."

ತಮ್ಮಾ, ಅಂದು ನಿನ್ನ ಹೆಸರು ಕೇಳಲಿಲ್ಲ, ಧನ್ಯವಾದವನ್ನೂ ಹೇಳಲಿಲ್ಲ. ಚಿಕ್ಕಮ್ಮನಿಗೆ ಆ ಎರಡೂ ಹಾಡು ಬರುತ್ತವೆ. ಬರುವ ವಾರ ರೆಕಾರ್ಡ್ ಮಾಡುತ್ತೇನೆ.