‘10ರ ಒಳಗ ತಂದ ಕೊಡ್ರಿ’

ಮಾನ್ಯ ಸಂಪಾದಕರೇ,

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಟೈಪಿಂಗ್, ಝೆರಾಕ್ಸ್, ಬೈಂಡಿಂಗ್ ಎಲ್ಲ ಮಾಡುತ್ತೇವೆ. ಸೆಮಿಸ್ಟರ್ ಕೊನೆ ಬಂತೆಂದರೆ ರಾತ್ರಿ ಹನ್ನೊಂದಾದರೂ ಶಟರ್ ಎಳೆಯಲಿಕ್ಕೆ ಆಗುವುದಿಲ್ಲ. ಮೊದಲೆಲ್ಲ ಹುಡುಗರು ಬಂದು "ಅಣ್ಣಾರ, ನಾಳೆ ಮುಂಜಾನೆ ಬೈಂಡಿಂಗ್ ಬೇಕ್ರಿ" ಅನ್ನುತ್ತಿದ್ದರು. ಈಗ ಬೇರೆ ಮಾತು. "ಅಣ್ಣಾರ, 34 ಬಂದೈತ್ರಿ. 10ರ ಒಳಗ ತಂದ ಕೊಡ್ರಿ."

ಎಂ.ಎ., ಎಂ.ಕಾಂ. ಮಕ್ಕಳು ಬರೆದ ಪ್ರಾಜೆಕ್ಟ್ ಪ್ರಬಂಧದಲ್ಲಿ ಶೇಕಡಾ ಎಷ್ಟು ಬೇರೆಯವರ ಬರಹಕ್ಕೆ ಹೊಂದುತ್ತದೆ ಅಂತ ಕಂಪ್ಯೂಟರ್ ಹೇಳುವ ಲೆಕ್ಕ ಅದು. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮ ತಂದಿತು. 10ರವರೆಗೆ ಶಿಕ್ಷೆ ಇಲ್ಲ. 10ರಿಂದ 40 ಆದರೆ ಹೆಚ್ಚೆಂದರೆ 6 ತಿಂಗಳೊಳಗೆ ತಿದ್ದಿ ಕೊಡಬೇಕು. 40 ದಾಟಿದರೆ ಒಂದು ವರ್ಷ ತಿದ್ದಿದ್ದನ್ನೂ ಕೊಡುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು.

ಹಾಗಾಗಿ ಅವರು ನಮ್ಮ ಕಡೆ ಓಡಿ ಬರುತ್ತಾರೆ. "ರೈತರು" ಇದ್ದಲ್ಲಿ "ಕೃಷಿಕರು" ಹಾಕಬೇಕು, "ಮುಖ್ಯ" ಇದ್ದಲ್ಲಿ "ಪ್ರಮುಖ" ಮಾಡಬೇಕು. ಸುಳ್ಳು ಯಾಕೆ ಹೇಳಲಿ, ಒಂದೆರಡು ಸಲ ನಾನೂ ಮಾಡಿಕೊಟ್ಟಿದ್ದೇನೆ, ದುಡ್ಡೂ ತಗೊಂಡಿದ್ದೇನೆ. ಒಮ್ಮೆ ಬೈಂಡಿಂಗ್ ಆದ ಮೇಲೆ ನೋಡಿದರೆ ಮುಖ್ಯಮಂತ್ರಿ ಹೋಗಿ "ಪ್ರಮುಖಮಂತ್ರಿ" ಆಗಿ ಕೂತಿದ್ದರು. ಅವತ್ತಿನಿಂದ ಆ ಕೆಲಸ ಬಿಟ್ಟೆ.

ಈ ಮಕ್ಕಳು ಕಳ್ಳರಲ್ಲ. ಡಿಗ್ರಿ ಮುಗಿಯುವವರೆಗೆ ನೋಟ್ಸ್ ಹೇಳಿ ಬರೆಸುತ್ತಾರೆ. ಪರೀಕ್ಷೆಯಲ್ಲಿ ಅದನ್ನೇ ಒಂದಕ್ಷರ ಬಿಡದೆ ಬರೆದವರಿಗೆ ಜಾಸ್ತಿ ಅಂಕ. ಎಂ.ಎ. ಎರಡನೇ ವರ್ಷಕ್ಕೆ ಬಂದ ಕೂಡಲೇ "ಸ್ವಂತ ಬರೆದುಕೊಂಡು ಬಾ" ಅಂದರೆ ಅವರು ಏನು ಮಾಡಬೇಕು? ಗೈಡ್ ಸರ್‌ಗಳನ್ನೂ ಪೂರ್ತಿ ಬೈಯಲಾರೆ, ಒಬ್ಬೊಬ್ಬರ ಕೈಕೆಳಗೆ ಬಹಳ ಮಂದಿ ಇರುತ್ತಾರೆ. ಕನ್ನಡ ಮಾಧ್ಯಮದವರ ಪಾಡು ಇನ್ನೂ ಕಷ್ಟ. ಇಂಗ್ಲಿಷ್ ಪುಟವನ್ನು ಮೊಬೈಲಿನಲ್ಲಿ ಅನುವಾದ ಮಾಡಿಸಿ ಪೆನ್‌ಡ್ರೈವ್‌ನಲ್ಲಿ ತರುತ್ತಾರೆ. "ರಿವ್ಯೂ ಆಫ್ ಲಿಟರೇಚರ್" ಅನ್ನುವುದು ಅದರಲ್ಲಿ "ಸಾಹಿತ್ಯ ವಿಮರ್ಶೆ" ಆಗಿರುತ್ತದೆ. ಅದನ್ನು ನಂಬಿ ಅರ್ಥಶಾಸ್ತ್ರದ ಹುಡುಗನೊಬ್ಬ ಬೇಂದ್ರೆಯವರ ಕಾವ್ಯದ ಮೇಲೆ ಎರಡು ಪುಟ ಬರೆದು ತಂದಿದ್ದ! ರಿವ್ಯೂ ಅಂದರೆ ತನ್ನ ವಿಷಯದಲ್ಲಿ ಹಿಂದೆ ಯಾರು ಏನು ಕೆಲಸ ಮಾಡಿದ್ದಾರೆ ಅಂತ ನೋಡಿ ಬರೆಯುವುದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಬ್ಯಾಡಗಿ ಕಡೆಯ ಒಬ್ಬಳು ಹುಡುಗಿಯ ವಿಷಯ ಹೇಳಬೇಕು. ಅವಳ ಪ್ರಾಜೆಕ್ಟ್ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ಮೇಲೆ. ಮೊದಲ ಸಾಲೇ "ಮೆಣಸಿನಕಾಯಿಯು ಸೊಲನೇಸಿ ಕುಟುಂಬಕ್ಕೆ ಸೇರಿದ ಸಸ್ಯವಾಗಿದೆ" ಅಂತಿತ್ತು. ಟೈಪ್ ಮಾಡುತ್ತಾ ಸುಮ್ನೆ ಕೇಳಿದೆ, "ನಿಮ್ಮ ಹೊಲದಾಗ ಯಾವ ಕಾಯಿ ಹಾಕ್ತೀರಿ ತಂಗಿ?" ಅಷ್ಟು ಕೇಳಿದ್ದೇ ತಡ, ಶುರು ಮಾಡಿದಳು. ಡಬ್ಬಿ ಕಾಯಿ ಗಿಡ್ಡ, ದಪ್ಪ. ಕಡ್ಡಿ ಕಾಯಿ ಉದ್ದ, ತೆಳ್ಳಗೆ. ಖಾರ ಕಡಿಮೆ, ಬಣ್ಣಕ್ಕೇ ರೇಟು. ತೇವ ಇದ್ದರೆ ಖರೀದಿದಾರರು ಚೀಲಕ್ಕೆ ಕೈ ಹಾಕಿ ನೋಡಿ ಮುಂದೆ ಹೋಗುತ್ತಾರೆ. 2024ರ ಮಾರ್ಚ್‌ನಲ್ಲಿ ರೇಟು ಬಿದ್ದು ಗಲಾಟೆಯಾಗಿ ವಾಹನಗಳಿಗೆ ಬೆಂಕಿ ಹಚ್ಚಿದರಲ್ಲ, ಆ ದಿನ ಅವರಪ್ಪ ಅಲ್ಲೇ ಚೀಲ ಕಾಯುತ್ತಾ ಕೂತಿದ್ದರಂತೆ. ಅರ್ಧ ತಾಸು ಹೇಳಿದಳು. "ಅಲ್ಲವಾ, ಇದನ್ಯಾಕ ಬರದಿಲ್ಲ?" ಅಂದೆ. "ಇದನ್ನೂ ಬರಿಬಹುದೇನ್ರಿ ಕಾಕಾ?" ಅಂದಳು.

ಯುಜಿಸಿಯ ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ. ಪ್ರಬಂಧವನ್ನು ಪ್ರಾಮಾಣಿಕವಾಗಿ ಬರೆಯುವುದರ ಬಗ್ಗೆ ಪ್ರತಿ ಸೆಮಿಸ್ಟರ್‌ನಲ್ಲೂ ತಿಳಿವಳಿಕೆ ಕಾರ್ಯಕ್ರಮ ಮಾಡಬೇಕು ಅಂತ. ಶೇಕಡಾ ಲೆಕ್ಕ ಎಲ್ಲರಿಗೂ ಬಾಯಿಪಾಠ, ಈ ಮಾತು ನನ್ನ ಅಂಗಡಿಗೆ ಬರುವ ಯಾವ ಹುಡುಗರಿಗೂ ಗೊತ್ತಿಲ್ಲ. ಪಿಎಚ್‌.ಡಿ.ಯವರಿಗೆ ಸಂಶೋಧನಾ ನೀತಿಯ ಎರಡು ಕ್ರೆಡಿಟ್‌ನ ಕೋರ್ಸ್ ಕಡ್ಡಾಯ ಆಗಿದೆ. ಎಂ.ಎ., ಎಂ.ಕಾಂ. ಮಕ್ಕಳು ಎಲ್ಲಿ ಕಲಿಯಬೇಕು? ನಮ್ಮ ಓಣಿಯ ಕೋಚಿಂಗ್ ಕ್ಲಾಸುಗಳನ್ನು ನೋಡಿ. ಪಿಎಸ್‌ಐ ಪರೀಕ್ಷೆಯ ಮೊದಲ ಪತ್ರಿಕೆಗೆ 50 ಅಂಕ. ಅಷ್ಟಕ್ಕೇ ಪ್ರಬಂಧ, ಸಾರಾಂಶ, ಭಾಷಾಂತರ ಬರೆಸಿ, ತಿದ್ದಿ, ಮತ್ತೆ ಬರೆಸುತ್ತಾರೆ. ಅಂದರೆ ಬರೆಯುವುದನ್ನು ಕಲಿಸಲಿಕ್ಕೆ ಬರುತ್ತದೆ, ಅಲ್ವಾ?

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1976ರಿಂದಲೂ ಇದಕ್ಕೇ ಒಂದು ಕೇಂದ್ರ ಇದೆ. ನಮ್ಮಲ್ಲಿ ಅಷ್ಟು ದೊಡ್ಡದೇನೂ ಬೇಡ. ಹಾರ-ತುರಾಯಿಯ ವಿಚಾರ ಸಂಕಿರಣವಂತೂ ಬೇಡವೇ ಬೇಡ, ಅದರ ಬ್ಯಾನರ್ ಮಾಡಿಕೊಡುವವನು ನಾನೇ ಆದರೂ ಹೇಳುತ್ತೇನೆ. ಗ್ರಂಥಾಲಯದ ಮೂಲೆಯಲ್ಲಿ ಒಂದು ಟೇಬಲ್, ಎರಡು ಕುರ್ಚಿ ಸಾಕು. ಸಂಜೆ 4ರಿಂದ 6ರವರೆಗೆ ಒಬ್ಬ ಪಿಎಚ್‌.ಡಿ. ವಿದ್ಯಾರ್ಥಿ ಕೂರಲಿ, ತಾಸಿಗೆ ಇಷ್ಟು ಅಂತ ಗೌರವಧನ ಕೊಡಿ. ಮಕ್ಕಳು ಬರೆದ ಒಂದೇ ಒಂದು ಪುಟ ತರಲಿ. ಕೂತವರು ತಾವೇ ತಿದ್ದಿ ಕೊಡುವುದು ಬೇಡ. "ಇದು ಎಲ್ಲಿಂದ ಬಂತು? ನಿನ್ನ ಮಾತಿನಲ್ಲಿ ಹೇಳು" ಅಂತ ಕೇಳಲಿ. ಅಡಿಟಿಪ್ಪಣಿ ಹಾಕುವುದು ಹೇಗೆ, ಪುಸ್ತಕ ಓದುವಾಗ ಟಿಪ್ಪಣಿ ಮಾಡಿಕೊಳ್ಳುವುದು ಹೇಗೆ ಅಂತ ಕನ್ನಡದಲ್ಲೇ ತೋರಿಸಲಿ. ನನಗೆ ಸ್ವಲ್ಪ ಗಿರಾಕಿ ಕಡಿಮೆ ಆಗಬಹುದು, ಆಗಲಿ.

ಆ ಹುಡುಗಿ ನಾಲ್ಕು ಪುಟ ಹೊಸದಾಗಿ ಬರೆದು ತಂದಿದ್ದಳು. ಟೈಪ್ ಮಾಡಿಕೊಟ್ಟೆ. ಎರಡು ದಿನ ಬಿಟ್ಟು ಮತ್ತೆ ಬಂದಳು. ಪುಟದ ಬದಿಗೆ ಗೈಡ್ ಸರ್ ಕೆಂಪು ಪೆನ್ನಿನಲ್ಲಿ "ಆಕರ?" ಅಂತ ಬರೆದಿದ್ದರು. "ಕಾಕಾ, ಇಲ್ಲಿ ನಮ್ಮಪ್ಪನ ಹೆಸರು ಹಾಕಾಕ ಬರ್ತದೇನ್ರಿ? ಹೆಂಗ ಹಾಕಬೇಕು?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ.

ಇಂತಿ ತಮ್ಮ ಓದುಗ,
ಒಬ್ಬ ಡಿಟಿಪಿ ಅಂಗಡಿಯವ,
ಸಪ್ತಾಪುರ, ಧಾರವಾಡ