ದುಡಿಯುವ ಹುಡುಗರಿಗೆ ರಾತ್ರಿ ವಾಚನಾಲಯ ತೆರೆದಿರಲಿ

ಮಾನ್ಯರೇ,

ಮಂಡ್ಯದಲ್ಲಿ ನನ್ನದೊಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ಐಟಿಐ ಮುಗಿಸಿದ ಹುಡುಗರು ಕೆಲಸ ಕಲಿಯಲು ಬರುತ್ತಾರೆ. ಡಿಪ್ಲೊಮಾ ಮಾಡಬೇಕು ಅಂತ ಅವರಿಗೆ ಆಸೆ ಇದೆ, ಆದರೆ ಸಂಜೆ ಶೆಟರ್ ಎಳೆದ ಮೇಲೆ ಕೂತು ಓದಲು ಜಾಗವಿಲ್ಲ. ಬಾಡಿಗೆ ರೂಮಿನಲ್ಲಿ ನಾಲ್ಕು ಜನ, ಒಂದೇ ಬಲ್ಬು. ನಮ್ಮ ಬಡಾವಣೆಯ ವಾಚನಾಲಯಕ್ಕೆ ಅಷ್ಟೊತ್ತಿಗೆ ಬೀಗ ಬಿದ್ದಿರುತ್ತದೆ.

ಶಾಲೆಯಲ್ಲಿ ನಾವೆಲ್ಲ ಇಂಗ್ಲೆಂಡಿನ ನಾವಿಕ ಕ್ಯಾಪ್ಟನ್ ಜೇಮ್ಸ್ ಕುಕ್ ಹೆಸರು ಓದಿದ್ದೇವೆ. ಅವನೂ ಅಪ್ರೆಂಟಿಸ್ ಆಗಿದ್ದ ಅನ್ನೋದನ್ನು ಯಾರೂ ಹೇಳಲಿಲ್ಲ. ಹೊಲದಲ್ಲಿ ದುಡಿಯುವವನ ಮಗ. 1746ರಲ್ಲಿ ಇಂಗ್ಲೆಂಡಿನ ವಿಟ್ಬಿ ಊರಿನ ಹಡಗು ಮಾಲೀಕ ಜಾನ್ ವಾಕರ್ ಬಳಿ ಮೂರು ವರ್ಷಕ್ಕೆ ಕೆಲಸ ಕಲಿಯಲು ಸೇರಿದ. ಅವನು ಹತ್ತಿದ 'ಫ್ರೀಲವ್' ಸುಮಾರು 340 ಟನ್ನಿನ ಹಾಯಿ ಹಡಗು. ಟೈನ್ ನದಿಯ ಕಡೆಯಿಂದ ಲಂಡನ್ನಿಗೆ ಕಲ್ಲಿದ್ದಲು ಸಾಗಿಸುವುದೇ ಅದರ ಕೆಲಸ. ಆ ಸಮುದ್ರದ ದಾರಿಯಲ್ಲಿ ನೀರಿನಡಿ ಮರಳ ದಿಬ್ಬಗಳು ಜಾಸ್ತಿ, ಅವು ಜಾಗ ಬದಲಿಸುತ್ತಲೇ ಇರುತ್ತವೆ. ಸೀಸದ ಗುಂಡಿನ ತಳಕ್ಕೆ ಕೊಬ್ಬು ಮೆತ್ತಿ, ಹಗ್ಗ ಕಟ್ಟಿ ನೀರಿಗೆ ಬಿಡುತ್ತಿದ್ದರು. ಹಗ್ಗ ಆಳ ಹೇಳುತ್ತಿತ್ತು. ಕೊಬ್ಬಿಗೆ ಅಂಟಿದ್ದು ಮರಳೋ, ಕೆಸರೋ, ಚಿಪ್ಪೋ ನೋಡಿ ಎಲ್ಲಿದ್ದೇವೆ ಅಂತ ಅಂದಾಜು ಮಾಡಬೇಕಿತ್ತು. ಇಂಥದ್ದು ಕೈಯಲ್ಲೇ ಕಲಿಯುವ ವಿದ್ಯೆ.

ಆದರೆ ಕೈಕೆಲಸ ಒಂದೇ ಸಾಲದು, ಲೆಕ್ಕವೂ ಬರಬೇಕು ಅಲ್ವಾ? ಚಳಿಗಾಲದಲ್ಲಿ ಹಡಗು ದಡ ಸೇರಿದಾಗ ಅಪ್ರೆಂಟಿಸ್‌ಗಳು ಮಾಲೀಕನ ಮನೆಯಲ್ಲೇ ಇರುತ್ತಿದ್ದರು. ಅಲ್ಲಿ ಮನೆ ನೋಡಿಕೊಳ್ಳುತ್ತಿದ್ದ ಮೇರಿ ಪ್ರೌಡ್ ಎಂಬಾಕೆ ಈ ಹುಡುಗನಿಗೆ ಓದಲು ಮೇಜು, ಮೇಣದಬತ್ತಿ ಕೊಡುತ್ತಿದ್ದಳು ಎಂಬ ಮಾತಿದೆ. ನನಗೆ ಅವನ ಸಮುದ್ರಯಾನಗಳಿಗಿಂತ ಆ ತಾಯಿ ದೊಡ್ಡವಳು. ಕುಕ್ ಹೋದ ಕಡೆಗಳಲ್ಲಿ ಅಲ್ಲಿನ ಜನ ಪಟ್ಟ ಪಾಡು ಬೇರೆಯೇ ಕಥೆ, ಅದನ್ನೂ ಮಕ್ಕಳಿಗೆ ಹೇಳಬೇಕು.

ಕಲಿತದ್ದು ವ್ಯರ್ಥವಾಗಲಿಲ್ಲ. 1768ರಲ್ಲಿ ಅವನ ಕೈಗೆ ಬಂದ 'ಎಂಡೆವರ್' ಕೂಡ ವಿಟ್ಬಿಯಲ್ಲೇ ಕಟ್ಟಿದ ಕಲ್ಲಿದ್ದಲು ಹಡಗು. ಎರಡು ವರ್ಷದ ನಂತರ ಅದು ಆಸ್ಟ್ರೇಲಿಯಾದ ಹವಳದ ದಿಬ್ಬಕ್ಕೆ ಬಡಿದು ತೂತಾಯಿತು. ತಳ ಚಪ್ಪಟೆಯಾಗಿದ್ದರಿಂದ ನದಿ ದಡಕ್ಕೆ ಎಳೆದು ರಿಪೇರಿ ಮಾಡಲು ಆಯಿತು.

ಆಸ್ತಿ ತೆರಿಗೆ ಜೊತೆ ನಾವು ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೇವೆ. ವಾರಕ್ಕೆ ಮೂರು ದಿನವಾದರೂ ರಾತ್ರಿ 10ರವರೆಗೆ ವಾಚನಾಲಯ ತೆರೆದಿಡಿ. ಮೇಜು ಕಡಿಮೆ ಬಿದ್ದರೆ ತಿಳಿಸಿ, ನಮ್ಮ ವರ್ಕ್‌ಶಾಪಿನಲ್ಲೇ ವೆಲ್ಡ್ ಮಾಡಿಸಿ ಕಳಿಸುತ್ತೇನೆ.

– ಲೇತ್ ವರ್ಕ್‌ಶಾಪ್ ಮಾಲೀಕ, ಮಂಡ್ಯ