ಆ ಕೊನೆಯ ಎರಡು ಮಾತ್ರೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ನಿನ್ನೆ ಸಂಜೆ ಬಂತು. ನಾಲ್ಕು ಪುಟದಲ್ಲಿ ಮೂರೂಮುಕ್ಕಾಲು ಪುಟ ಓದುವವರೆಗೆ ನೆಮ್ಮದಿಯಾಗಿಯೇ ಇದ್ದೆ. ಕೊನೆಗೆ, ಏನೋ ಮರೆತದ್ದು ನೆನಪಾದ ಹಾಗೆ, ಒಂದು ಸಾಲು ಬರೆದಿದ್ದೀಯ: "ಇನ್ನು ದಿನಕ್ಕೆ ಎರಡೇ ಮಾತ್ರೆ ದೊಡ್ಡಮ್ಮ, ಬರೀ 10 ಮಿ.ಗ್ರಾಂ. ಸೋಮವಾರದಿಂದ ನಾನೇ ಬಿಟ್ಟುಬಿಡ್ತೀನಿ. ಕನ್ನಡಿಯಲ್ಲಿ ಈ ಮುಖ ನೋಡೋಕಾಗ್ತಿಲ್ಲ." ರಾತ್ರಿಯೆಲ್ಲ ಅದೇ ಸಾಲು ತಲೆಯಲ್ಲಿ. ಅದಕ್ಕೇ ಈ ಕಾಗದದ ಫೋಟೋ ಮೊದಲು ಫೋನಿಗೆ ಕಳಿಸುತ್ತೇನೆ, ಕಾಗದ ನಿಧಾನವಾಗಿ ಬರಲಿ. ಸೋಮವಾರ ದೂರವಿಲ್ಲ.

ಆ ಸ್ಟಿರಾಯ್ಡ್ ಮಾತ್ರೆ ಬಿಡಬೇಡ, ಮಗಾ. ಇಳಿಸುವುದು ಬೇರೆ, ಬಿಡುವುದು ಬೇರೆ.

"ಬರೀ 10" ಅಂದೆಯಲ್ಲ, ನನ್ನನ್ನು ಹೆದರಿಸಿದ್ದು ಆ "ಬರೀ". ಮೂತ್ರಪಿಂಡಗಳ ತಲೆಯ ಮೇಲೆ ಒಂದೊಂದು ಪುಟ್ಟ ಅಡ್ರಿನಲ್ ಗ್ರಂಥಿ ಇರುತ್ತೆ. ದಿನವೂ ಕಾರ್ಟಿಸೋಲ್ ಎಂಬ ಹಾರ್ಮೋನ್ ಮಾಡಿಕೊಡುವುದು ಅದರ ಕೆಲಸ. ಅದರಂತೆಯೇ ಕೆಲಸ ಮಾಡುವ, ನೀನು ನುಂಗುವ ಸ್ಟಿರಾಯ್ಡ್ ಪ್ರೆಡ್ನಿಸೋಲೋನಿನ ಲೆಕ್ಕಕ್ಕೆ ತಂದರೆ ಆರೋಗ್ಯವಂತರ ದೇಹ ದಿನಕ್ಕೆ ಮಾಡಿಕೊಳ್ಳುವುದು ಸುಮಾರು 5 ಮಿ.ಗ್ರಾಂನಷ್ಟು. ಬಿಪಿ ಕುಸಿಯದೆ ನಿಲ್ಲುವುದು, ಊಟವಿಲ್ಲದ ಹೊತ್ತಿನಲ್ಲೂ ಶುಗರ್ ಇಳಿಯದಿರುವುದು, ಜ್ವರ ಬಂದರೆ ದೇಹ ತಡೆದುಕೊಳ್ಳುವುದು, ಎಲ್ಲ ಅದರ ಬಲದಿಂದ. ಹೊರಗಿನಿಂದ 40 ಮಿ.ಗ್ರಾಂ ಬಂದು ಬೀಳುವಾಗ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಬೇಕಾದಷ್ಟಿದೆ ಎಂದು ಅಡ್ರಿನಲ್‌ಗೆ "ಕೆಲಸ ಮಾಡು" ಎನ್ನುವ ಎಸಿಟಿಎಚ್ ಹಾರ್ಮೋನ್ ಕಳಿಸುವುದನ್ನೇ ನಿಲ್ಲಿಸುತ್ತೆ. ಹೀಗೆ ಮೂರು ನಾಲ್ಕು ವಾರ ದಾಟಿತೆಂದರೆ ಕೆಲಸವಿಲ್ಲದ ಗ್ರಂಥಿ ಸೊರಗತೊಡಗುತ್ತೆ. ನಿನಗೆ ಐದು ತಿಂಗಳಾಗಿದೆ. ಅದು ಮತ್ತೆ ಚೇತರಿಸಿಕೊಳ್ಳಲು ಕೆಲವರಿಗೆ ವಾರಗಳು ಸಾಕು, ಕೆಲವರಿಗೆ ವರ್ಷವೂ ಬೇಕು. ಯಾರಿಗೆ ಎಷ್ಟು ಅಂತ ಮುಖ ನೋಡಿ ಹೇಳಲು ಬರುವುದಿಲ್ಲ.

ಈಗ ನಿನ್ನ ಎರಡು ಮಾತ್ರೆ ನೋಡು. 40ರಿಂದ 10ಕ್ಕೆ ಇಳಿಯುವಾಗ ನೀನು ಬಿಟ್ಟದ್ದು ದೇಹದ ನಿತ್ಯದ ಖರ್ಚಿಗಿಂತ ಮೇಲಿದ್ದದ್ದನ್ನು. ಉಳಿದ ಎರಡರಲ್ಲಿ ಒಂದು ಕಾಯಿಲೆಗೆ, ಇನ್ನೊಂದು ನಿನ್ನ ಉಸಿರಿಗೆ ಅಂದುಕೋ. ಅದಕ್ಕೇ ಕೊನೆಯ ಮೆಟ್ಟಿಲುಗಳು ಎಲ್ಲಕ್ಕಿಂತ ಕಡಿದು. 40ರಲ್ಲಿ 5 ತೆಗೆದರೆ ಎಂಟನೇ ಒಂದು ಪಾಲು ಹೋಯಿತು. 10ರಲ್ಲಿ 5 ತೆಗೆದರೆ ಅರ್ಧವೇ ಹೋಯಿತು.

ಈ ಔಷಧಿಯನ್ನು ನೀನು ಬೈದಿರುವುದಕ್ಕೆ ಬೇಜಾರಿಲ್ಲ. ಆದರೂ ಒಂದು ಮಾತು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್, ಕೀಲುವಾತದಿಂದ ಓಡಾಡಲಾರದಿದ್ದ ಹೆಂಗಸೊಬ್ಬಳಿಗೆ ಇದೇ ಜಾತಿಯ ಕಾರ್ಟಿಸೋನ್ ಕೊಟ್ಟರು, ಕೆಲವೇ ದಿನಗಳಲ್ಲಿ ಅವಳು ಎದ್ದು ನಡೆದಳು. 1950ರಲ್ಲಿ ಆ ಕೆಲಸಕ್ಕೆ ನೊಬೆಲ್ ಬಂತು. 1952ರ ಹೊತ್ತಿಗೆ, ಕಾರ್ಟಿಸೋನ್ ನಿಲ್ಲಿಸಿ ಶಸ್ತ್ರಚಿಕಿತ್ಸೆಗೆ ಹೋದ ರೋಗಿ ಅಡ್ರಿನಲ್ ಕೈಕೊಟ್ಟು ತೀರಿಕೊಂಡದ್ದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ಈ ಎಚ್ಚರಿಕೆಗೆ ಅಷ್ಟು ವಯಸ್ಸಾಗಿದೆ. ನಾನೂ ವಾರ್ಡಿನಲ್ಲಿ ಕೆಲಸಕ್ಕಿದ್ದಷ್ಟು ವರ್ಷ "ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ" ಅಂತ ಒಂದು ವಾಕ್ಯ ಹೇಳಿ ಮುಂದಿನ ಹಾಸಿಗೆಗೆ ಹೋಗುತ್ತಿದ್ದೆ. ಯಾಕೆ ಅಂತ ಹೇಳುವಷ್ಟು ಹೊತ್ತು ನಿಲ್ಲಲಿಲ್ಲ. ನಿನಗೂ ಅಷ್ಟೇ ಹೇಳಿದೆ. ಅಂದು ಕೂತು ಬಿಡಿಸಿ ಹೇಳಿದ್ದರೆ ನೀನು ಈ ಸಾಲು ಬರೆಯುತ್ತಿರಲಿಲ್ಲವೇನೋ.

12.5ರಿಂದ 10ಕ್ಕೆ ಬಂದ ಮೇಲೆ ಮೈಯೆಲ್ಲ ನೋವು, ಕಾಯಿಲೆ ತಿರುಗಿ ಬಂತಾ ಅಂತ ಕೇಳಿದ್ದೀಯ. ತೊಡೆ, ಭುಜ, ಬೆನ್ನು ಎಲ್ಲ ಒಟ್ಟಿಗೆ ಕಡಿಯುವುದು, ಸುಸ್ತು, ಹಸಿವಿಲ್ಲದಿರುವುದು, ಕಾರಣವಿಲ್ಲದೆ ಅಳು ಬರುವುದು: ಇವು ಡೋಸ್ ಇಳಿದದ್ದಕ್ಕೆ ದೇಹ ಮಾಡುವ ತಕರಾರು. ಇಳಿಸಿದ ಕೆಲವು ದಿನಗಳಲ್ಲಿ ಶುರುವಾಗಿ, ಅದೇ ಡೋಸಿನಲ್ಲಿ ನಿಂತರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತೆ. ಕಾಯಿಲೆ ಮರಳಿದರೆ ಅದರ ಗುರುತು ಬೇರೆ. ಮೊದಲು ನೋಯುತ್ತಿದ್ದ ಕೀಲುಗಳೇ ಊದಿಕೊಳ್ಳುತ್ತವೆ, ಮುಟ್ಟಿದರೆ ಬಿಸಿ, ಬೆಳಗ್ಗೆ ಬೆರಳು ಮಡಚಲು ಒಂದು ತಾಸಿಗಿಂತ ಹೆಚ್ಚು ಬೇಕು, ದಿನ ಕಳೆದಂತೆ ಹೆಚ್ಚುತ್ತೆ, ರಕ್ತದಲ್ಲಿ ಉರಿಯೂತ ತೋರಿಸುವ ಇಎಸ್ಆರ್, ಸಿಆರ್‌ಪಿ ಅಂಕಿಗಳು ಏರುತ್ತವೆ. ಎರಡೂ ಒಟ್ಟಿಗೆ ಬರುವುದೂ ಉಂಟು, ಆದ್ದರಿಂದ ನೀನೇ ತೀರ್ಪು ಕೊಡಬೇಡ. ಎಲ್ಲಿ ನೋವು, ಊತ ಇದೆಯೋ ಇಲ್ಲವೋ, ಬೆಳಗಿನ ಬಿಗಿತ ಎಷ್ಟು ನಿಮಿಷ, ಇಷ್ಟನ್ನು ದಿನಕ್ಕೊಂದು ಸಾಲಿನಂತೆ ಬರೆದಿಡು. ಡಾಕ್ಟರಿಗೆ ಅದಕ್ಕಿಂತ ಉಪಯೋಗದ ಕಾಗದ ಇಲ್ಲ. ನೋವಿಗೆ ಅಂತ ಐಬುಪ್ರೊಫೆನ್, ಡೈಕ್ಲೋಫೆನಾಕ್ ನೀನಾಗಿ ನುಂಗಬೇಡ. ಸ್ಟಿರಾಯ್ಡ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವದ ಅಪಾಯ ಹೆಚ್ಚು. ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ಕೇಳು.

ಮೂರನೆಯದೊಂದಿದೆ, ನನ್ನ ನಿದ್ದೆ ಕೆಡಿಸಿದ್ದು ಅದೇ. ಎದ್ದು ನಿಂತರೆ ಕಣ್ಣು ಕತ್ತಲೆ, ಪದೇ ಪದೇ ವಾಂತಿ, ಹೊಟ್ಟೆನೋವು, ಬೆವರು, ಮಂಕು. ಇದು ಕಾರ್ಟಿಸೋಲ್ ಸಾಲದೆ ಬರುವುದು. ಮನೆಯಲ್ಲಿ ಮಲಗಿ ಕಾಯುವಂಥದ್ದಲ್ಲ. ನೇರ ಆಸ್ಪತ್ರೆಗೆ ಹೋಗಿ, "ಐದು ತಿಂಗಳಿಂದ ಸ್ಟಿರಾಯ್ಡ್ ತಗೋತಿದ್ದೀನಿ" ಅಂತ ಮೊದಲ ಮಾತಾಗಿ ಹೇಳಬೇಕು. ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ ಇಂಜೆಕ್ಷನ್, ಸಲೈನ್ ಅಲ್ಲಿ ಕೊಡುತ್ತಾರೆ. ಒಮ್ಮೆಗೇ ಬಿಟ್ಟವರಿಗೆ ಇದು ಮೊದಲ ದಿನವೇ ಬರದೆ ಇರಬಹುದು. ಎರಡು ವಾರ ಏನೂ ಆಗದೆ, ಆಮೇಲೆ ಒಂದು ಜ್ವರವೋ ಭೇದಿಯೋ ಬಂದಾಗ ಕುಸಿಯುವುದುಂಟು. "ಬಿಟ್ಟೆ, ಏನೂ ಆಗಲಿಲ್ಲ" ಅನ್ನುವ ಧೈರ್ಯ ಅದಕ್ಕೇ ಕೆಟ್ಟದ್ದು.

ಹಾಗಾದರೆ ಇಳಿಸುವುದು ಹೇಗೆ? ಲೆಕ್ಕ ನಿನ್ನ ಡಾಕ್ಟರದ್ದು, ನಾನು ಬಾಯಿ ಹಾಕಬಾರದು. ಸಾಮಾನ್ಯವಾಗಿ 10ರ ಕೆಳಗೆ ತಿಂಗಳಿಗೆ 1 ಮಿ.ಗ್ರಾಂನಂತೆ ಇಳಿಸುತ್ತಾರೆ. ಅಷ್ಟು ಚಿಕ್ಕ ಮಾತ್ರೆ ಸಿಗದಿದ್ದರೆ ಒಂದು ದಿನ 10, ಮರುದಿನ 7.5 ಹೀಗೆ ನಡೆಸುವುದೂ ಇದೆ. ಹೊರಗೆ ಹೊಳಪಿನ ಲೇಪವಿರುವ, ಹೊಟ್ಟೆಯಲ್ಲಿ ಕರಗದ ಬಗೆಯ ಮಾತ್ರೆಯನ್ನು ಮುರಿಯಬೇಡ, ಮುರಿದರೆ ಲೇಪ ಇದ್ದೂ ಇಲ್ಲದಂತೆ. ಬೆಳಗ್ಗೆ ತಿಂಡಿಯ ಜೊತೆಗೇ ತಗೋ. ದೇಹದ ಸ್ವಂತ ಕಾರ್ಟಿಸೋಲ್ ಏರುವುದೂ ಬೆಳಗ್ಗೆಯೇ. ಸಂಜೆ ತೆಗೆದುಕೊಂಡರೆ ನಿದ್ದೆ ಹಾಳು. ನೋವು ತಡೆಯಲಾರದೆ ಹೋದರೆ ಒಂದು ಮೆಟ್ಟಿಲು ಹಿಂದೆ ಹೋಗಿ ಅಲ್ಲಿ ನಿಲ್ಲುವುದಕ್ಕೆ ಡಾಕ್ಟರು ಒಪ್ಪುತ್ತಾರೆ. ಅದನ್ನು ಸೋಲು ಅಂದುಕೊಳ್ಳಬೇಡ. ಬೇರೆ ಹೆಸರಿನ ಸ್ಟಿರಾಯ್ಡ್ ಬರೆದುಕೊಟ್ಟರೆ ಮಿ.ಗ್ರಾಂ ಒಂದೇ ಅಲ್ಲ ಅನ್ನುವುದೂ ನೆನಪಿರಲಿ: ಪ್ರೆಡ್ನಿಸೋಲೋನ್ 5ಕ್ಕೆ ಮೀಥೈಲ್‌ಪ್ರೆಡ್ನಿಸೋಲೋನ್ 4, ಡಿಫ್ಲಾಜಕಾರ್ಟ್ 6 ಸಮ.

ಡೋಸ್ 5ರ ಆಸುಪಾಸಿಗೆ ಬಂದಾಗ ಬೆಳಗ್ಗೆ ಎಂಟರಿಂದ ಒಂಬತ್ತರೊಳಗೆ, ಆ ದಿನದ ಮಾತ್ರೆಗೆ ಮುಂಚೆ, ರಕ್ತದ ಕಾರ್ಟಿಸೋಲ್ ನೋಡಬಹುದಾ ಅಂತ ಕೇಳು. ಮಾತ್ರೆ ನುಂಗಿ ಹೋದರೆ ಪ್ರೆಡ್ನಿಸೋಲೋನನ್ನೂ ಕಾರ್ಟಿಸೋಲ್ ಎಂದೇ ಲೆಕ್ಕ ಹಾಕಿ ಯಂತ್ರ ಸುಳ್ಳು ಹೇಳಬಹುದು. ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿದ್ದರೆ ಗ್ರಂಥಿ ಎದ್ದಿದೆ ಎಂದು ತಿಳಿಯುತ್ತಾರೆ, 5ಕ್ಕಿಂತ ಕೆಳಗಿದ್ದರೆ ಇನ್ನೂ ಮಲಗಿದೆ. ಬಿಡುವ ದಿನ ಯಾವುದು ಅಂತ ಹೇಳಬೇಕಾದ್ದು ಆ ಅಂಕಿ, ಕನ್ನಡಿಯಲ್ಲ.

ಮುಖದ ಸಂಕಟವನ್ನು ನಾನು ಹಗುರ ಮಾಡುತ್ತಿಲ್ಲ, ಪುಟ್ಟಿ. ಈ ಔಷಧಿ ಕೊಬ್ಬನ್ನು ಕೆನ್ನೆಗೆ, ಕತ್ತಿನ ಹಿಂದೆ, ಹೊಟ್ಟೆಗೆ ಸಾಗಿಸುತ್ತೆ, ಜೊತೆಗೆ ನೀರನ್ನೂ ಹಿಡಿದಿಡುತ್ತೆ. ಉಪ್ಪು ಕಡಿಮೆ ಮಾಡಿದರೆ ನೀರಿನ ಪಾಲು ಸ್ವಲ್ಪ ಇಳಿದೀತು. ಕೆನ್ನೆ ತಗ್ಗಲು ಡೋಸ್ ಇಳಿದ ಮೇಲೂ ಕೆಲವು ತಿಂಗಳು ಬೇಕು. ಅಂದರೆ ಸೋಮವಾರ ಬಿಟ್ಟರೂ ಮಂಗಳವಾರದ ಕನ್ನಡಿಯಲ್ಲಿ ಇದೇ ಮುಖ. ನೀನು ಕೊಡಹೊರಟ ಬೆಲೆಗೆ ನಿನ್ನ ಹಳೆಯ ಮುಖವೂ ಸಿಗುವುದಿಲ್ಲ.

ಶುಗರ್ ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿದೆ ಎಂದು ಬರೆದಿದ್ದೀಯ. ಬೆಳಗ್ಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಏರುವುದು ಮಧ್ಯಾಹ್ನದಿಂದ ಸಂಜೆಯವರೆಗೆ. ಮಧ್ಯಾಹ್ನದ ಊಟವಾಗಿ ಎರಡು ತಾಸಿಗೆ ಒಮ್ಮೆ ನೋಡು. ಮೂಳೆ ಸವೆಯುವುದು ಮೊದಲ ತಿಂಗಳುಗಳಲ್ಲೇ ಹೆಚ್ಚು, ಆದ್ದರಿಂದ ಕ್ಯಾಲ್ಸಿಯಂ ಮತ್ತು ಡಿ ವಿಟಮಿನ್ ಬಿಡಬೇಡ, ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕೇ ಅಂತ ಕೇಳು. ಕುರ್ಚಿಯಿಂದ ಕೈ ಊರದೆ ಏಳಲು ಆಗುತ್ತದೆಯೇ ಅಂತ ವಾರಕ್ಕೊಮ್ಮೆ ನೋಡಿಕೋ, ತೊಡೆಯ ಸ್ನಾಯು ಸೊರಗಿದರೆ ಅಲ್ಲೇ ತಿಳಿಯುತ್ತೆ. ತೊಡೆಸಂದಿಯಲ್ಲಿ ಬಿಡದೆ ನೋವಿದ್ದರೆ ಮುಚ್ಚಿಡಬೇಡ. ಕಣ್ಣಿನ ಒತ್ತಡದ ಪರೀಕ್ಷೆಯೂ ಒಂದು ಸಲ ಆಗಲಿ. ಉಪದೇಶ ಜಾಸ್ತಿಯಾಯಿತು, ಕ್ಷಮಿಸು.

ಇನ್ನೊಂದೇ. ಜ್ವರ ಬಂದರೆ ಏನು ಮಾಡಬೇಕು ಅಂತ ಡಾಕ್ಟರ ಕೈಯಲ್ಲೇ ಬರೆಸಿಕೋ. 10ಕ್ಕಿಂತ ಕಡಿಮೆ ಡೋಸಿನಲ್ಲಿರುವವರಿಗೆ ಕೆಲವು ದಿನ ದುಪ್ಪಟ್ಟು ಮಾಡಲು ಹೇಳುತ್ತಾರೆ. 10 ಇರುವವರಿಗೆ ಅಷ್ಟನ್ನೇ ಎರಡು ಹೊತ್ತಿಗೆ ಹಂಚಿದರೆ ಸಾಕಾಗಬಹುದು. ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಮ್ಮೆ ತಗೋ, ಅದೂ ನಿಲ್ಲದಿದ್ದರೆ ಆಸ್ಪತ್ರೆ. ಪರ್ಸಿನಲ್ಲಿ ಒಂದು ಚೀಟಿ ಇರಲಿ: ಔಷಧಿಯ ಹೆಸರು, ಡೋಸ್, ಯಾವಾಗಿನಿಂದ, "ಒಮ್ಮೆಗೇ ನಿಲ್ಲಿಸಬಾರದು" ಅಂತ. ಪೂರ್ತಿ ಬಿಟ್ಟ ಮೇಲೂ ಒಂದು ವರ್ಷ ಆ ಚೀಟಿ ತೆಗೆಯಬೇಡ, ಹಲ್ಲು ಕೀಳಿಸಲು ಹೋದರೂ ತೋರಿಸು.

ಸ್ಟ್ರಿಪ್‌ನಲ್ಲಿ ಎಷ್ಟು ಮಾತ್ರೆ ಉಳಿದಿವೆ ಎಣಿಸು. ಒಂದು ವಾರಕ್ಕಿಂತ ಕಡಿಮೆ ಇದ್ದರೆ ಇವತ್ತೇ ತರಿಸು, ತೀರಿಹೋಯಿತು ಅನ್ನುವುದೂ ಬಿಟ್ಟ ಹಾಗೆಯೇ. ಸೋಮವಾರ ತಿಂಡಿಯಾದ ಮೇಲೆ "ತಗೊಂಡೆ" ಅಂತ ಒಂದು ಪದ ಕಳಿಸು. ಫೋನ್ ಕೈಯಲ್ಲೇ ಇಟ್ಟುಕೊಂಡಿರುತ್ತೇನೆ.

ನಿನ್ನ ದೊಡ್ಡಮ್ಮ